ಎದೆಯೊಳಗಿನ ಸಾಲಿ

ನಾನು ಬೀದರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಪ್ರಶ್ನೆ ಕೇಳಿದವರನ್ನು ಸುಮ್ಮನೆ ಬಿಡುವವಳಲ್ಲ. ಭಾಲ್ಕಿಯಲ್ಲಿ ನನ್ನ ಏಳನೇ ತಿಂಗಳ ಕುಬಸದ ದಿನ ಅತ್ತೆ ಹಸಿರು ಬಳೆ ಏರಿಸುತ್ತ ಕೇಳಿದರು: “ಮೈ ಪರರದ್ದು ಏನೂ ಒಳಗ ಬಿಡಂಗಿಲ್ಲ ಅಂತಿ. ಅರ್ಧಾ ನಮ್ಮ ಮನಿ ಕೂಸಿಗಿ ಹ್ಯಾಂಗ ಬಿಟ್ಟದ?”

ಪಾಠ ಶುರುಮಾಡಿದೆ. “ಎದಿ ಎಲುಬಿನ ಹಿಂದ ಥೈಮಸ್ ಅಂತ ಗ್ರಂಥಿ ಅದರಿ. ರೋಗದ ಕೂಡ ಹೊಡದಾಡೋ ಕಣಗಳಿಗಿ ಅದೇ ಅಕ್ಷರಾ ಕಲಿಸೋ ಸಾಲಿ. ಬಸುರಾದಾಗ ಆ ಸಾಲಿ ಸಣ್ಣದಾಗ್ತದರಿ. ಆದ್ರ ‘ಇದು ನಮ್ಮದೇ, ಸುಮ್ನಿರ್ರಿ’ ಅಂತ ಉಳಿದವರಿಗಿ ತಡಿಯೋ ಕಣಗಳು ಅಲ್ಲಿಂದ ಹೆಚ್ಚು ಕಲ್ತು ಬರ್ತಾವರಿ.”

ಔರಾದಿನ ಬೌದ್ಧ ದಲಿತರ ಮಗಳೆಂದು, ಮದುವೆಯಾಗಿ ಮೂರು ವರ್ಷ ನನ್ನನ್ನು ಹೊಸ್ತಿಲು ದಾಟಗೊಡದವರು ಈ ಅತ್ತೆ. ಕೊನೆಯ ಬಳೆ ಏರಿಸಿದ ಮೇಲೂ ಕೈ ಬಿಡಲಿಲ್ಲ.

“ನನ್ನೂ ಆ ಸಾಲಿಗಿ ಹಾಕಬೇಕಿತ್ತು,” ಎಂದರು.