ಹಳೇ ಕಂಪ್ಯೂಟರಿನಲ್ಲಿ ಹೊಸ ಮದುಮಗಳು

ಬೆಳಿಗ್ಗೆ ರತ್ನ ಕಂಪ್ಯೂಟರ್ ಹಾಕಿದ್ದು ಅಡುಗೆಮನೆಯಲ್ಲಿದ್ದ ನನಗೆ ಮೂಗಿನಿಂದಲೇ ಗೊತ್ತಾಯಿತು. ಬಿಸಿಯಾದ ಧೂಳಿನ ವಾಸನೆ, ಹಳೆಯ ಇಸ್ತ್ರಿಪೆಟ್ಟಿಗೆ ಕಾಯುವಾಗ ಬರುತ್ತದಲ್ಲ, ಅಂಥದ್ದು. ಆ ಯಂತ್ರ ಪೂರ್ತಿ ಎಚ್ಚರಗೊಳ್ಳುವುದರೊಳಗೆ ಒಂದು ಕಾಫಿ ಕುಡಿದು ಇನ್ನೊಂದಕ್ಕೆ ಹಾಲು ಇಡಬಹುದು. ನಿಮಗೇನೂ ಅವಸರವಿಲ್ಲದಿದ್ದರೆ ಅಷ್ಟರಲ್ಲಿ ಅದರ ಪ್ರತಾಪವೊಂದನ್ನು ಹೇಳಿಬಿಡುತ್ತೇನೆ. ಅದರ ಪ್ರತಾಪ ಎಂದರೆ ನನ್ನ ಹೆಂಡತಿಯ ಪ್ರತಾಪ ಎಂದೇ ತಿಳಿಯಿರಿ.

ರತ್ನ ಮದುವೆಗಳ ಫೋಟೋ ತೆಗೆಯುವವಳು. ರಾಮಕೃಷ್ಣನಗರದ ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಸ್ಟುಡಿಯೋ. ನಾನು ಕಡಕೊಳದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ರಜೆಯ ದಿನ ಅವಳ ಹಿಂದೆ ಹೋಗಿ ಲೈಟಿನ ಮುಂದೆ ಬಿಳಿ ಕೊಡೆ ಹಿಡಿಯುತ್ತೇನೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಐಶ್ವರ್ಯ ಬರುವ ತನಕ ಕಾಯದೆ ಎಷ್ಟೋ ಆರತಕ್ಷತೆಗಳಲ್ಲಿ ಹಿಡಿದು ನಿಂತಿದ್ದೇನೆ.

ಅವಳದೊಂದು ಪದ್ಧತಿ ಇದೆ. ಛತ್ರಕ್ಕೆ ಹೋದ ಕೂಡಲೇ ಒಗೆದ ಬಿಳಿ ಪಂಚೆಯೊಂದನ್ನು ಹಾಸಿ, ಅದರ ಮೇಲೆ ಮದುಮಗಳ ಕೈ ಇಡಿಸಿ ಮೊದಲ ಫೋಟೋ ತೆಗೆಯುತ್ತಾಳೆ. ಛತ್ರದ ದೀಪಗಳ ಕೆಳಗೆ ಯಾರ ಬಣ್ಣವೂ ಅವರದಾಗಿರುವುದಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಪಂಚೆಯನ್ನು ಬೆಳ್ಳಗೆ ಕಾಣುವಂತೆ ತಿದ್ದಿದರೆ ಕೈಯ ಬಣ್ಣ ತಾನಾಗಿ ಸರಿಹೋಗುತ್ತದೆ, ಅದೇ ಅಳತೆ ಇಡೀ ಆಲ್ಬಮ್ಮಿಗೆ. ಹಿನಕಲ್ ಕಡೆಯ ಅಜ್ಜಿಯರು ಇದನ್ನು ನೋಡಿ ನೋಡಿ ಇದೂ ಒಂದು ಶಾಸ್ತ್ರವೆಂದೇ ತಿಳಿದುಬಿಟ್ಟಿದ್ದಾರೆ. ಒಂದು ಸಲ ಗಡಿಬಿಡಿಯಲ್ಲಿ ರತ್ನ ಮರೆತಾಗ ಅಜ್ಜಿಯೊಬ್ಬರು, "ಪಂಚೆ ಶಾಸ್ತ್ರ ಮಾಡ್ದೆ ಎಂಗವ್ವಾ ಧಾರೆ ಎರೆಯೋದು?" ಎಂದು ಪುರೋಹಿತರನ್ನೇ ತಡೆದು ನಿಲ್ಲಿಸಿದ್ದರು.

ಮಂಜುಳಾ ಆ ಹಿನಕಲ್ಲಿನ ಹುಡುಗಿ. ಒಳ್ಳೆ ಎಣ್ಣೆಗಪ್ಪು ಬಣ್ಣ, ಅಗಲವಾದ ಕಣ್ಣು. ಮದುವೆಗೆ ಮುಂಚೆ ಒಬ್ಬಳೇ ಬಂದು ನಮ್ಮ ಕೋಣೆಯಲ್ಲಿ ಕೂತು ಹೇಳಿದಳು: "ಅಕ್ಕಾ, ನನ್ನ ನಾನಿದ್ದಂಗೇ ತೆಗೀರಿ. ನಮ್ಮಕ್ಕನ ಆಲ್ಬಮ್ಮಲ್ಲಿ ಅವಳಿಗೆ ಸುಣ್ಣ ಬಳ್ದಂಗೆ ಮಾಡ್ಬುಟ್ಟವ್ರೆ. ಅವಳು ಅದನ್ನ ತೆಗೆದು ನೋಡೋದೇ ಇಲ್ಲ ಕಣಕ್ಕ."

"ನೀನಿದ್ದಂಗೇ ತೆಗೀತೀನಿ, ಹೋಗು," ಎಂದಳು ರತ್ನ. ಅವಳು ಮಾತು ಕೊಟ್ಟರೆ ಮುಗಿಯಿತು.

ಆ ಮದುವೆಯ ಹೊತ್ತಿಗೆ ಹಳೆಯ ಕ್ಯಾಮೆರಾ ಕೈಕೊಟ್ಟು ಹೊಸದು ಬಂದಿತ್ತು. ಮದುವೆ ಚೆನ್ನಾಗಿಯೇ ಆಯಿತು. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಒಂದು ಚಿತ್ರವೂ ತೆರೆಯಲಿಲ್ಲ. ರತ್ನ ತೆಗೆಯುವುದು ರಾ ಫೈಲು, ಅಂದರೆ ಹಸಿ ಫೈಲು. ಕ್ಯಾಮೆರಾ ಕಂಡದ್ದನ್ನು ಬೇಯಿಸದೆ ಹಾಗೇ ಕೊಡುತ್ತದೆ, ಒಗ್ಗರಣೆ ನಮ್ಮ ಕೈಯಲ್ಲಿ. ಆದರೆ ಹೊಸ ಹೊಸ ಕ್ಯಾಮೆರಾಗಳು ಅದನ್ನು ತಮ್ಮದೇ ರೀತಿಯಲ್ಲಿ ಗಂಟು ಕಟ್ಟುತ್ತವೆ. ನಮ್ಮ ಸಾಫ್ಟ್‌ವೇರ್ ಈ ಕ್ಯಾಮೆರಾ ಹುಟ್ಟುವುದಕ್ಕೆ ಎಷ್ಟೋ ಮುಂಚಿನದು, ಅದಕ್ಕೆ ಆ ಗಂಟು ಬಿಚ್ಚಲು ಬರಲಿಲ್ಲ. ಹೊಸ ಸಾಫ್ಟ್‌ವೇರನ್ನು ನಮ್ಮ ಕಂಪ್ಯೂಟರ್ ಒಳಗೇ ಬಿಟ್ಟುಕೊಳ್ಳಲಿಲ್ಲ.

ಇಲ್ಲಿ ನನ್ನ ಬುದ್ಧಿ ಚುರುಕಾಯಿತು. ಸ್ಟೋರಿನಲ್ಲಿ ಡಬ್ಬಿಯ ಚೀಟಿ ಬದಲಿಸಿದರೆ ಡಬ್ಬಿಯೇ ಬದಲಾದಂತೆ ಎಂದು ನಂಬಿ ಬದುಕಿದವನು ನಾನು. ಫೈಲಿನ ಹೆಸರಿನ ಬಾಲದಲ್ಲಿರುವ ಅಕ್ಷರಗಳನ್ನು ಅಳಿಸಿ, ಹಳೆಯ ಕ್ಯಾಮೆರಾದ ಅಕ್ಷರಗಳನ್ನು ಬರೆದು, ಗೆದ್ದೆನೆಂದು ರತ್ನಳನ್ನು ಕೂಗಿದೆ. ಸಾಫ್ಟ್‌ವೇರ್ ಮೋಸ ಹೋಗಲಿಲ್ಲ.

"ಕತ್ತೆಗೆ ಕುದುರೆ ಅಂತ ಹೆಸ್ರಿಟ್ರೆ ರೇಸಿಗೆ ಬಿಡ್ತಾರೇನ್ರೀ?" ಎಂದು ಅವಳು ನಕ್ಕಳು. ಆ ವಾರವೆಲ್ಲ ಅವಳು ನಕ್ಕದ್ದು ಅದೊಂದೇ ಸಲ.

ಪೇಟೆಯ ಲ್ಯಾಬಿನವರು ತಾವೇ ತೆರೆದು ತಿದ್ದಿಕೊಡುವುದಾಗಿ ಹೇಳಿ ಒಂದು ಮಾದರಿ ಕಳಿಸಿದರು. ಅದರಲ್ಲಿ ಮಂಜುಳಾಳ ಸೀರೆ ಇತ್ತು, ಬಾಸಿಂಗ ಇತ್ತು, ಮಂಜುಳಾ ಮಾತ್ರ ಇರಲಿಲ್ಲ. ಇದೇನೆಂದು ರತ್ನ ಫೋನ್ ಮಾಡಿ ಕೇಳಿದರೆ, "ಎಲ್ರೂ ಬೆಳ್ಳಗೇ ಕೇಳೋದು ಮೇಡಂ, ನಿಮಗೊಬ್ಬರಿಗೆ ಏನ್ ಕಷ್ಟ?" ಎಂದರು. ಅವಳು ಫೋನ್ ಇಟ್ಟು, "ಈ ಮುಖ ಆ ಹುಡುಗಿ ಕೈಗೆ ನಾನು ಕೊಡಲ್ಲ," ಎಂದಳು. ನಾನಾಗಿದ್ದರೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ.

ಅವಳು ಪಕ್ಕದ ಮನೆಯವರ ಲ್ಯಾಪ್‌ಟಾಪ್ ತಂದು, ಗೊತ್ತಿದ್ದ ಇಂಗ್ಲಿಷಿನಲ್ಲೇ ಹುಡುಕುತ್ತ ಕೂತಳು. ಹೊಸ ಗಂಟನ್ನು ಬಿಚ್ಚಿ, ಬೇಯಿಸದೆಯೇ, ಎಲ್ಲರಿಗೂ ಬಿಚ್ಚಲು ಬರುವಂತೆ ಮತ್ತೆ ಕಟ್ಟುವ ಸಣ್ಣದೊಂದು ಪ್ರೋಗ್ರಾಂ ಸಿಕ್ಕಿತು. ಕಟ್ಟಿ ತಂದು ಹಾಕಿದರೆ ನಮ್ಮ ಮುದುಕ ಸಾಫ್ಟ್‌ವೇರ್ ಆಗಲೂ ಒಲ್ಲೆನೆಂದು ತಲೆಯಾಡಿಸಿಬಿಟ್ಟ. ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವಳು ಆ ಸಣ್ಣ ಪ್ರೋಗ್ರಾಮಿನ ಮೂಲೆ ಮೂಲೆ ಕೆದಕಿ, ಎಷ್ಟು ಹಳೆಯ ಸಾಫ್ಟ್‌ವೇರಿಗೆ ಹೊಂದಬೇಕು ಎಂದು ಆರಿಸುವ ಜಾಗ ಕಂಡುಹಿಡಿದು, ಎಲ್ಲಕ್ಕಿಂತ ಹಿಂದಿನದನ್ನು ಒತ್ತಿದಳು.

ತೆರೆಯಿತು! ಚಿತ್ರವೇನೋ ಹಸಿರು ಹಸಿರಾಗಿ, ಪಾಚಿ ಕಟ್ಟಿದ ಕಲ್ಯಾಣಿಯಂತೆ ಬಂತು. ಆದರೂ ನಾನು ಚಪ್ಪಾಳೆ ಹೊಡೆದೆ. "ಸುಮ್ನಿರ್ರೀ, ಪಂಚೆ ಎಲ್ಲಿ ನೋಡೋಣ," ಎಂದು ಅವಳು ಆ ಮೊದಲ ಫೋಟೋ ಹುಡುಕಿ ತಿದ್ದುತ್ತ ಹೋದಳು. ಪಂಚೆ ಬೆಳ್ಳಗಾಯಿತು. ಕೈ ಮಂಜುಳಾಳ ಕೈಯಾಯಿತು.

ಆಲ್ಬಮ್ ತೆಗೆದುಕೊಳ್ಳಲು ಮಂಜುಳಾ ಅತ್ತೆಯ ಜೊತೆ ಬಂದಳು. ಅತ್ತೆ ಮೊದಲ ಹಾಳೆಗೇ, "ಒಸಿ ಬೆಳ್ಳಗೆ ಮಾಡ್ಬೋದಿತ್ತಲ್ಲಮ್ಮಾ?" ಎಂದರು. ರತ್ನ ಮಂಜುಳಾಳನ್ನೇ ನೋಡುತ್ತಿದ್ದಳು. ಮಂಜುಳಾ ಒಂದೊಂದೇ ಹಾಳೆ ತಿರುವುತ್ತ ಧಾರೆಯ ಚಿತ್ರಕ್ಕೆ ಬಂದು ನಿಂತಳು. ಬಹಳ ಹೊತ್ತು ನೋಡಿ ಮೆಲ್ಲಗೆ ಕೇಳಿದಳು:

"ಅಕ್ಕಾ, ನಾನು ಇಷ್ಟು ಚೆನ್ನಾಗಿದ್ದೀನಾ?"

ಅತ್ತೆ ಬಗ್ಗಿ ಚಿತ್ರ ನೋಡಿದರು, ತಲೆಯೆತ್ತಿ ಸೊಸೆಯನ್ನು ನೋಡಿದರು. "ಇದ್ದೀಯಲ್ಲ ಮತ್ತೆ," ಎಂದರು.

ಆ ಹೊತ್ತು ನನ್ನ ಹೆಂಡತಿಯ ಬಗ್ಗೆ ನನಗೆ ಬಂದ ಹೆಮ್ಮೆ ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಓಹೋ, ಕರೆಯುತ್ತಿದ್ದಾಳೆ. ಮುಂದಿನ ವಾರ ಕಾರ್ಖಾನೆಯಲ್ಲಿ ನನ್ನ ನಿವೃತ್ತಿಯ ಬೀಳ್ಕೊಡುಗೆ, ಫ್ಲೆಕ್ಸಿಗೆ ಫೋಟೋ ಬೇಕಂತೆ. ನಾನು ಮಂಜುಳಾಳಿಗಿಂತ ಒಂದು ಕೈ ಕಪ್ಪು. ಇಷ್ಟು ವರ್ಷ ಫೋಟೋ ಎಂದರೆ ಮೊದಲು ಪೌಡರ್ ಡಬ್ಬಿ ಹುಡುಕುತ್ತಿದ್ದವನು ನಿನ್ನೆ ಸಂಜೆ ಮುಖ ತೊಳೆದು ಹಾಗೇ ಕೂತಿದ್ದೆ. ಈಗ ತೆರೆಯ ಮೇಲೆ ಕರ್ರಗೆ, ನಗುನಗುತ್ತ ಕೂತಿದ್ದೇನೆ.

"ಏನ್ರೀ, ದೊಡ್ಡ ಫ್ಲೆಕ್ಸಿಗೆ ಅಲ್ವಾ, ಒಂಚೂರು ತಿಳಿ ಮಾಡ್ಲಾ?" ಎಂದು ರತ್ನ ಕೆಣಕಿದಳು.

"ಮುಟ್ಬೇಡ," ಎಂದೆ. "ತೆಗೆದಿದ್ದು ಯಾರು ಅಂತ ಮಾತ್ರ ಕೆಳಗಡೆ ದೊಡ್ಡದಾಗಿ ಬರಿ."