ಒಣಮೀನಿನ ಉಪಾಯ

ರೆಡ್ ಹೆರಿಂಗ್ ಎಂದರೆ ಯಾವುದೋ ಕೆಂಪು ಮೀನು ಎಂದಷ್ಟೇ ತಿಳಿದಿದ್ದೆ. ಸಾಗರದಲ್ಲಿ ಬಿ.ಎಡ್. ಓದುವಾಗ ಒಂದು ಭಾನುವಾರ ನನ್ನ ರೂಮ್‌ಮೇಟ್, ತೀರ್ಥಹಳ್ಳಿಯವಳು, ಮರುದಿನದ ಇಂಗ್ಲಿಷ್ ಪಾಠಕ್ಕೆ ತಯಾರಾಗುತ್ತಾ ಅದರ ಅರ್ಥ ಬಿಡಿಸಿ ಹೇಳಿದಳು. ಹಿಂದೆ ಬೇಟೆನಾಯಿಗಳ ದಾರಿ ತಪ್ಪಿಸಲು ಹೊಗೆ ಹಿಡಿಸಿದ ಮೀನನ್ನು ನೆಲದ ಮೇಲೆ ಎಳೆಯುತ್ತಿದ್ದರಂತೆ. ಈಗ ನಿಜವಾದ ವಿಷಯ ಮುಚ್ಚಿಡಲು ಬೇರೊಂದನ್ನು ಮುಂದೆ ಹಿಡಿದರೆ ಅದಕ್ಕೆ ಆ ಹೆಸರು. "ನಮಗೂ ಈಗ ಅದೇ ಬೇಕು ಮಾರಾಯ್ತಿ!" ಎಂದೆ.

ಬೇಕೇ ಬೇಕಿತ್ತು. ಹಿಂದಿನ ವಾರ ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನೆನೆದು ನಡುಗುತ್ತಿದ್ದ ಬೆಕ್ಕಿನ ಮರಿಯೊಂದನ್ನು ಬ್ಯಾಗಿಗೆ ಹಾಕಿಕೊಂಡು ಬಂದಿದ್ದೆ. ಕೆಳಗಿನ ಮನೆಯ ಓನರ್ ಅಮ್ಮನ ಕಾನೂನೋ, ಮೀನಿಲ್ಲ, ಮೊಟ್ಟೆಯಿಲ್ಲ, ನಾಯಿ ಬೆಕ್ಕು ಸುತರಾಂ ಇಲ್ಲ. "ಮೇಲೆ ಎಂತದೋ ಕೂಗ್ತಾ ಇತ್ತು, ಸಂಜೆ ಬಂದು ನೋಡ್ತೀನಿ" ಎಂದು ಬೆಳಿಗ್ಗೆಯೇ ಹೇಳಿದ್ದರು. ಮೀನು ಸಿಕ್ಕಿದರೆ ಬೈಸಿಕೊಂಡು ರೂಮು ತೊಳೆದರೆ ಮುಗಿಯಿತು. ಮರಿ ಸಿಕ್ಕಿದರೆ ಅದು ಮತ್ತೆ ಬೀದಿಪಾಲು. ನೆನೆದರೇ ನನಗೆ ಅಳು ಬರುತ್ತಿತ್ತು.

ಪೇಟೆಗೆ ಓಡಿ ಒಣಮೀನು ತಂದೆವು. ಪೊಟ್ಟಣ ಬಿಚ್ಚಿ ಕಿಟಕಿಯಲ್ಲಿಟ್ಟೆವು. ಮರಿ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಹಾಲು ಕುಡಿದು ಮಲಗಿತ್ತು. ನಮ್ಮ ಬುದ್ಧಿಗೆ ನಾವೇ ಬೆರಗಾಗಿ, ಬಾಯಿಗೆ ವೇಲು ತುರುಕಿಕೊಂಡು ನಕ್ಕೆವು.

ಅಮ್ಮ ಬಾಗಿಲಿಗೆ ಬಂದವರೇ ಮೂಗಿಗೆ ಸೆರಗು ಒತ್ತಿಕೊಂಡರು. "ಥೂ! ಎಂತ ವಾಸನೆ ಇದು?"

ಗೆಳತಿ ಕಣ್ಣಲ್ಲಿ ನೀರು ತಂದುಕೊಂಡು, "ತಪ್ಪಾಯ್ತು ಅಮ್ಮಾ, ಆಸೆ ತಡಿಯಕ್ಕಾಗ್ಲಿಲ್ಲ" ಎಂದಳು. ಎಂಥಾ ನಟನೆ! ಅಮ್ಮ ಬೈಯುತ್ತಾ ಬೈಯುತ್ತಾ ಇನ್ನೇನು ತಿರುಗಬೇಕು, ಮಂಚದ ಕೆಳಗೆ ಪರಪರ ಸದ್ದು.

ಅಯ್ಯೋ, ನಾಯಿಯ ಮೂಗನ್ನು ಲೆಕ್ಕಕ್ಕೆ ಹಿಡಿದಿದ್ದೆವೇ ಹೊರತು ಬೆಕ್ಕಿನದನ್ನಲ್ಲ! ಮರಿ ಪೆಟ್ಟಿಗೆಯಿಂದ ನೆಗೆದು, ಅಮ್ಮನ ಪಾದದ ಮೇಲೇ ಓಡಿ, ಕಿಟಕಿಗೆ ಹಾರಹೋಗಿ ದೊಪ್ಪನೆ ಬಿತ್ತು. ಮತ್ತೆ ಹಾರಿತು, ಮತ್ತೆ ಬಿತ್ತು. ಹೆದರಿಕೆಯಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಅಮ್ಮ ಬಗ್ಗಿ ಅದನ್ನೆತ್ತಿಕೊಂಡರು. "ಇಷ್ಟು ಸಣ್ಣದನ್ನ ಪೆಟ್ಟಿಗೇಲಿ ಮುಚ್ಚಿಟ್ಟಿದ್ರಾ? ಕರುಳಿಲ್ವಾ ನಿಮಗೆ?" ಮರಿ ಅವರ ಸೆರಗಿನೊಳಗೆ ತೂರಿಕೊಂಡಿತು.

"ಅಮ್ಮಾ, ಅದನ್ನ ಹೊರಗೆ ಮಾತ್ರ ಬಿಡ್ಬೇಡಿ" ಎಂದು ಕೈಮುಗಿದೆ.

"ಅದನ್ನ್ಯಾಕೆ ಬಿಡ್ಲಿ? ಅದು ಇಲ್ಲೇ ಇರತ್ತೆ. ಸುಳ್ಳು ಹೇಳಿದ್ದು ನೀವು, ನೀವು ಬೇರೆ ರೂಮ್ ನೋಡ್ಕಳಿ" ಎಂದು ಮರಿಯೊಂದಿಗೆ ಮೆಟ್ಟಿಲಿಳಿದರು. ಅರ್ಧ ಇಳಿದವರು ನಿಂತು, ತಿರುಗಿ ನೋಡದೆಯೇ, "ಆ ಮೀನು ಬಿಟ್ಟು ಹೋಗಿ" ಎಂದರು.