ಗಂಡಸರು ಆರಿಸಿ ತಂದ ಜಿಪಿಎಸ್

ಅಂಗೈಯಲ್ಲಿ ಹಿಡಿಯುವಂಥ ಒಂದು ಜಿಪಿಎಸ್ ಯಂತ್ರ ಕೊಳ್ಳುವುದಕ್ಕೆ ನಮ್ಮ ಮನೆಯಲ್ಲಿ ಎಂಟು ತಿಂಗಳು ಹಿಡಿಯಿತು. ಹಸು ಗಬ್ಬವಾಗಿ ಕರು ಹಾಕುವುದಕ್ಕೆ ಇನ್ನೊಂದು ತಿಂಗಳು ಹೆಚ್ಚು ಬೇಕು, ಅಷ್ಟೇ. ಯಂತ್ರವನ್ನು ಬಳಸಬೇಕಾದವಳು ನಾನು. ಆರಿಸಲು ಕೂತವರು ನಮ್ಮ ಯಜಮಾನರು ಮತ್ತು ಪಿರಿಯಾಪಟ್ಟಣದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ಅವರ ಸ್ನೇಹಿತ. ಇಬ್ಬರೂ ಜನ್ಮದಲ್ಲಿ ಒಂದು ಡಬ್ಬಿಯನ್ನೂ ಹುಡುಕಿದವರಲ್ಲ.

ಡಬ್ಬಿ ಎಂದರೆ ಏನೆಂದು ಹೇಳಿಬಿಡುತ್ತೇನೆ. ಯಾರೋ ಒಬ್ಬರು ಸಣ್ಣ ಡಬ್ಬಿಯೊಂದರಲ್ಲಿ ಒಂದು ಪುಟ್ಟ ಪುಸ್ತಕವಿಟ್ಟು ಹೊರಗೆಲ್ಲೋ ಬಚ್ಚಿಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶ ಮತ್ತು ಒಂದಿಷ್ಟು ವಿವರವನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಆಸಕ್ತಿ ಇದ್ದವರು ಹೋಗಿ ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಇದನ್ನು ಜಿಯೋಕ್ಯಾಶಿಂಗ್ ಎನ್ನುತ್ತಾರೆ. ಸಿಕ್ಕಿದರೆ ಏನು ಲಾಭ ಎಂದು ಯಜಮಾನರು ಕೇಳಿದ್ದರು. ಏನೂ ಇಲ್ಲ ಎಂದೆ. ಅಂದಿನಿಂದ ಅವರು ಅದನ್ನು ಮೇಡಮ್ಮನವರ ಮರಕೋತಿ ಎಂದು ಕರೆಯತೊಡಗಿದರು.

ನಾನು ಹುಣಸೂರು ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮೈಸೂರಿನಲ್ಲಿ ಒಂದು ತರಬೇತಿಗೆ ಹೋದಾಗ ಅಲ್ಲಿನ ಉಪನ್ಯಾಸಕರೊಬ್ಬರು ಈ ಆಟ ತೋರಿಸಿ, ತಮ್ಮ ಹಳೆಯ ಗುಂಡಿಯೊತ್ತುವ ಯಂತ್ರವನ್ನು ಬಳಸಿ ನೋಡಿ ಎಂದು ಕೊಟ್ಟು ಕಳಿಸಿದರು. ಅದಕ್ಕೆ ಗೊತ್ತಿದ್ದದ್ದು ಅಂಕಿ ಮತ್ತು ಬಾಣದ ಗುರುತು ಮಾತ್ರ. ವಿವರವೆಲ್ಲ ಕಾಗದದಲ್ಲಿರಬೇಕಿತ್ತು.

ನನ್ನ ಜೊತೆ ಬರುತ್ತಿದ್ದವಳು ಅಕ್ಕ. ಅಕ್ಕ ಎಂದರೆ ನನ್ನ ಓರಗಿತ್ತಿ, ಬಾವನ ಹೆಂಡತಿ. ಅಣ್ಣತಮ್ಮಂದಿರು ಭಾಗ ಮಾಡಿಕೊಂಡು ಪಕ್ಕಪಕ್ಕದ ಮನೆಗಳಲ್ಲಿದ್ದರು, ಹೊಲಗಳೂ ಪಕ್ಕಪಕ್ಕ, ನಡುವೆ ಹೊಂಗೆಮರಗಳ ಸಾಲಿದ್ದ ಒಂದು ಬದು. ಅಕ್ಕ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಕಳೆ ಕಿತ್ತು ಕಿತ್ತು ಪಳಗಿದ ಕಣ್ಣು. ನಾನು ಕಾಗದ ಹಿಡಿದು ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದೆ, ಅವಳು ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿ, ಆ ಕಲ್ಲು ಅಲ್ಲಿಯದಲ್ಲ, ಯಾರೋ ತಂದಿಟ್ಟದ್ದು ಎನ್ನುತ್ತಿದ್ದಳು. ಎತ್ತಿದರೆ ಡಬ್ಬಿ ಇರುತ್ತಿತ್ತು. ಬೈಲಕುಪ್ಪೆಗೆ ಬಂದ ವಿದೇಶಿಯರು ಇಟ್ಟದ್ದು, ಕೋಟೆ ತಾಲ್ಲೂಕಿನ ಕಡೆ ಹಿನ್ನೀರು ನೋಡಲು ಬಂದವರು ಇಟ್ಟದ್ದು, ಮಿರ್ಲೆ ದಾಟಿ ನಾಲೆಯ ಏರಿಯ ಮೇಲೆ ಯಾರೋ ಪುಣ್ಯಾತ್ಮರು ಇಟ್ಟದ್ದು, ಹೀಗೆ ಒಂದೊಂದೇ. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದೆವು. ಮದುವೆ, ತಿಥಿ, ಆಸ್ಪತ್ರೆ ಇವು ಮೂರನ್ನು ಬಿಟ್ಟು ಅಕ್ಕ ಊರಾಚೆ ಹೋಗುತ್ತಿದ್ದದ್ದು ಇದೊಂದಕ್ಕೇ. ನನಗೂ ಆ ಮನೆಯಲ್ಲಿ ಸ್ನೇಹ ಅಂತ ಇದ್ದದ್ದು ಅವಳೊಬ್ಬಳೇ.

ಕಾಗದದ ಪಾಡು ಹೇಳತೀರದು. ಹುಣಸೂರಿನ ಇಂಟರ್ನೆಟ್ ಸೆಂಟರಿನಲ್ಲಿ ಒಂದು ಡಬ್ಬಿಯ ವಿವರ ಅಚ್ಚು ಹಾಕಿಸಿದರೆ ನಾಲ್ಕು ಹಾಳೆ ಬರುತ್ತಿತ್ತು, ಅದರಲ್ಲಿ ಎರಡು ಹಾಳೆ ತುಂಬ ಜಾಹೀರಾತು. ಬೇಕಾದ ಸುಳಿವು ಮಾತ್ರ ಹಾಳೆಯ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿರುತ್ತಿತ್ತು. ಆ ಸುಳಿವನ್ನೂ ನೇರವಾಗಿ ಬರೆದಿರುವುದಿಲ್ಲ, ಪ್ರತಿ ಅಕ್ಷರಕ್ಕೂ ಹದಿಮೂರು ಅಕ್ಷರ ಮುಂದಿನದನ್ನು ಹಾಕಿರುತ್ತಾರೆ. ಕೆರೆ ಏರಿಯ ಮೇಲೆ ಕೂತು ನಾನು ಬೆರಳು ಮಡಿಸಿ ಎಣಿಸುತ್ತಿದ್ದರೆ, ದಾರಿಹೋಕರು ನಿಂತು ಯಾರ ಜಾತಕ ಎಂದು ವಿಚಾರಿಸುತ್ತಿದ್ದರು.

ಅಷ್ಟರಲ್ಲಿ ಉಪನ್ಯಾಸಕರು ತಮ್ಮ ಯಂತ್ರ ವಾಪಸು ಕೇಳಿದರು. ಕೊಡಲು ಹೋದಾಗ ಅವರು, ಈಗ ಕಾಗದವೇ ಬೇಡದ ಯಂತ್ರಗಳು ಬಂದಿವೆ, ವಿವರ, ಸುಳಿವು, ಹಿಂದೆ ಹುಡುಕಿದವರು ಬರೆದ ಮಾತು ಎಲ್ಲವೂ ಅದರೊಳಗೇ ಇರುತ್ತದೆ ಎಂದರು. ಮನೆಗೆ ಬಂದು ನನಗೆ ಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದೆ. ಬಿಸಿಲಿನಲ್ಲಿ ಅಕ್ಷರ ಕಾಣಬೇಕು. ಯಾವ ಪೆಟ್ಟಿಗೆ ಅಂಗಡಿಯಲ್ಲೂ ಸಿಗುವ ಪೆನ್ ಟಾರ್ಚಿನ ಸೆಲ್ ಹಾಕುವಂತಿರಬೇಕು. ಗುಂಡಿ ಇರಬೇಕು. ವಿವರ ಪೂರ್ತಿ ಓದಲು ಬರಬೇಕು. ಚೀಟಿಯನ್ನು ಯಜಮಾನರ ಕೈಗೆ ಕೊಟ್ಟೆ.

ಯಾಕೆ ಕೊಟ್ಟೆನೋ. ಸಂಬಳ ನನ್ನದೇ ಇತ್ತು, ಮೈಸೂರಿಗೆ ಬಸ್ಸೂ ಇತ್ತು. ಯಂತ್ರದ ವಿಷಯ ಗಂಡಸರ ವಿಷಯ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದೆ.

ಆಗ ಹೊಗೆಸೊಪ್ಪಿನ ಹರಾಜು ನಡೆಯುತ್ತಿದ್ದ ತಿಂಗಳುಗಳು. ಯಜಮಾನರು ನನ್ನ ಯಂತ್ರದ ವಿಚಾರವನ್ನು ಹರಾಜು ಕಟ್ಟೆಗೆ ಒಯ್ದರು. ಕಟ್ಟಿಟ್ಟ ಸೊಪ್ಪಿನ ಬೇಲುಗಳ ಮೇಲೆ ಕೂತವರೆಲ್ಲ ತಲೆಗೊಂದು ಮಾತು ಆಡಿದರಂತೆ. ಒಬ್ಬರು ದೊಡ್ಡ ಪರದೆಯೇ ಮುಖ್ಯ ಎಂದರಂತೆ, ಇನ್ನೊಬ್ಬರು ತೂಕವಿದ್ದರೆ ಬಾಳಿಕೆ ಎಂದರಂತೆ. ಮೊಬೈಲ್ ಅಂಗಡಿಯ ಸ್ನೇಹಿತ ಬಣ್ಣಬಣ್ಣದ ಹಾಳೆಗಳನ್ನು ಮನೆಗೇ ತಂದು ಹರಡಿದ. ಅವನ ಲೆಕ್ಕದಲ್ಲಿ ಗುಂಡಿ ಇರುವ ಯಂತ್ರ ಬಡವರದ್ದು, ಬೆರಳಿನಲ್ಲಿ ಮುಟ್ಟಿ ನಡೆಸುವುದು ಮರ್ಯಾದಸ್ಥರದ್ದು. ಯಜಮಾನರು ಕೇಳಿದ ಪ್ರಶ್ನೆ ಒಂದೇ, ಹಾಡು ಬರುತ್ತದಾ? ನಾನು ಕಾಫಿ ಕೊಟ್ಟು, ಚೀಟಿ ನೋಡಿದಿರಾ ಎಂದೆ. ಇಬ್ಬರೂ ತಲೆಯಾಡಿಸಿದರು. ಚೀಟಿ ಲೋಟದ ಅಡಿ ಇತ್ತು.

ಶ್ರಾವಣದಲ್ಲಿ ಯಂತ್ರ ಬಂತು. ಯಜಮಾನರು ಅದನ್ನು ಹೊಗೆಸೊಪ್ಪಿನ ಎಲೆಯ ದರ್ಜೆ ನೋಡುವ ಹಾಗೆ ತಿರುವಿ, ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ಚೆನ್ನಾಗಿದೆ ಎಂದು ತೀರ್ಮಾನ ಕೊಟ್ಟರು. ಮುಟ್ಟುವ ಪರದೆ, ಕ್ಯಾಮೆರಾ, ತಾವೇ ಹಾಕಿಸಿದ ಚರ್ಮದ ಚೀಲ. ಹಾಡು ಬರುತ್ತಿರಲಿಲ್ಲ, ಅದೊಂದು ಕೊರತೆ ಅವರಿಗೆ ಕೊನೆತನಕ ಉಳಿಯಿತು.

ಮೊದಲ ಭಾನುವಾರ ನಾನೂ ಅಕ್ಕನೂ ವೀರನಹೊಸಹಳ್ಳಿ ಕಡೆ ಹೋದೆವು. ವಿವರವೆಲ್ಲ ಒಳಗಿತ್ತು, ಸುಳಿವನ್ನು ಅದೇ ಬಿಡಿಸಿ ಹೇಳುತ್ತಿತ್ತು, ಸುಳ್ಳಾಡಬಾರದು. ಆದರೆ ಬಿಸಿಲಿಗೆ ಹಿಡಿದರೆ ನನ್ನ ಮುಖ ಮಾತ್ರ ಕಾಣುತ್ತಿತ್ತು. ಇಬ್ಬರೂ ಒಂದೇ ಸೆರಗಿನ ಕೆಳಗೆ ತಲೆ ತೂರಿಸಿ ಓದಿದೆವು. ಅಕ್ಕನ ಕೈಗೆ ಕೊಟ್ಟರೆ ಇನ್ನೊಂದು ಕಷ್ಟ. ಅದು ಸೊಪ್ಪು ಮುರಿಯುವ ಕಾಲ, ವಾರವಿಡೀ ಹೊಗೆಸೊಪ್ಪಿನ ಕಪ್ಪು ಅಂಟು ಅವಳ ಬೆರಳಿಗೆ ಮೆತ್ತಿಕೊಂಡಿರುತ್ತಿತ್ತು, ಹುಣಸೆಹಣ್ಣು ಹಾಕಿ ಉಜ್ಜಿದರೂ ಪೂರ್ತಿ ಬಿಡುವುದಿಲ್ಲ. ಅವಳು ಒಂದು ಸಲ ಮುಟ್ಟಿದರೆ ಪರದೆ ಐದು ಹಾಳೆ ಮುಂದೆ ಹೋಗುತ್ತಿತ್ತು. ಹೊಗೆಸೊಪ್ಪಿನ ಸೀಮೆಯಲ್ಲಿ ಹುಟ್ಟಿ ಬೆಳೆದ ಇಬ್ಬರು ಗಂಡಸರಿಗೆ ಎಂಟು ತಿಂಗಳಲ್ಲಿ ಒಂದು ಸಲವೂ ಈ ಅಂಟು ನೆನಪಾಗಲಿಲ್ಲ. ಅವರು ಸೊಪ್ಪು ಮುರಿದಿದ್ದರೆ ತಾನೆ.

ಅಕ್ಕ ನಕ್ಕು, ನೀನು ಓದು, ನಾನು ನೋಡುತ್ತೇನೆ ಎಂದಳು. ಯಂತ್ರ ತೋರಿಸಿದ ಜಾಗದಲ್ಲಿ ಡಬ್ಬಿ ಇರಲಿಲ್ಲ, ಇರುವುದೂ ಇಲ್ಲ. ಬಯಲಿನಲ್ಲಾದರೆ ನಾಲ್ಕೈದು ಹೆಜ್ಜೆ ಆಚೀಚೆ, ಮರಗಳ ಕೆಳಗಾದರೆ ಹತ್ತು ಹದಿನೈದು ಹೆಜ್ಜೆ ಎಂದು ಲೆಕ್ಕ ಹಾಕಿಕೊಂಡೇ ನಾವು ಹುಡುಕುತ್ತಿದ್ದದ್ದು. ಹಳೆಯದೂ ಹಾಗೇ, ಹೊಸದೂ ಹಾಗೇ. ಅಕ್ಕ ಹದಿನೈದು ಹೆಜ್ಜೆ ಆಚೆ ಒಂದು ಹುತ್ತದ ಹಿಂದೆ ಡಬ್ಬಿ ತೆಗೆದಳು.

ಯಂತ್ರಕ್ಕೆ ಇನ್ನೊಂದು ವಿದ್ಯೆ ಗೊತ್ತಿತ್ತು. ಹಿಡಿದುಕೊಂಡು ಒಂದು ಜಾಗವನ್ನು ಸುತ್ತು ಹಾಕಿದರೆ ಅದು ಎಷ್ಟು ಎಕರೆ ಎಂದು ಹೇಳುತ್ತಿತ್ತು. ಮೊಬೈಲ್ ಅಂಗಡಿಯವನು ಇದನ್ನು ಕಂಡುಹಿಡಿದ ದಿನದಿಂದ ಯಂತ್ರ ನನ್ನ ಕೈಗೆ ಬರುವುದು ಅಪರೂಪವಾಯಿತು. ಯಜಮಾನರು ಅದನ್ನು ಎದೆಯ ಮೇಲೆ ನೇತುಹಾಕಿಕೊಂಡು ಹೊಲ ಸುತ್ತತೊಡಗಿದರು. ಊರಿನವರು ಕರೆದು ತಮ್ಮ ಹೊಲಗಳನ್ನೂ ಅಳೆಸಿಕೊಂಡರು. ಸರ್ವೆಯವರಿಗೆ ಅರ್ಜಿ ಕೊಟ್ಟು ವರ್ಷ ಕಾಯುವ ಜನ, ಸುಮ್ಮನೆ ನಡೆದಾಡಿ ಲೆಕ್ಕ ಹೇಳುವವನು ಸಿಕ್ಕಿದರೆ ಬಿಡುತ್ತಾರೆಯೇ. ಹೋದ ಕಡೆಯಲ್ಲೆಲ್ಲ ಎಳನೀರು, ಬಾಳೆಹಣ್ಣು. ನಮ್ಮ ಯಜಮಾನರು ಹಲ್ಲುಜ್ಜುವಾಗಲೂ ಆ ಚರ್ಮದ ಚೀಲ ತೆಗೆಯುತ್ತಿರಲಿಲ್ಲ.

ಅವರಿಗೆ ಯಂತ್ರ ಹೇಳಿದ ಎಕರೆಯನ್ನು ಗುಂಟೆಗೆ ತಿರುಗಿಸಲು ಬರುತ್ತಿರಲಿಲ್ಲ. ಸಂಜೆ ಅಂಕಿಗಳನ್ನು ತಂದು ನನ್ನ ಮುಂದೆ ಇಡುತ್ತಿದ್ದರು, ನಾನು ನಲವತ್ತರಿಂದ ಗುಣಿಸಿ ಕೊಡುತ್ತಿದ್ದೆ. ಒಂದು ಸಂಜೆ ತಂದದ್ದು ನಮ್ಮ ಹೊಲದ ಅಳತೆ ಮತ್ತು ಬಾವನ ಹೊಲದ ಅಳತೆ. ಬಾವನದು ಭಾಗಪತ್ರದಲ್ಲಿ ಇದ್ದದ್ದಕ್ಕಿಂತ ಮೂರು ಗುಂಟೆ ಹೆಚ್ಚು ಬಂತು, ನಮ್ಮದು ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಉಳುವಾಗ ಬದುವನ್ನು ವರ್ಷಕ್ಕೊಂದು ಗೇಣು ಒತ್ತುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕಳ್ಳತನ, ಹಾಗಾಗಿ ಯಜಮಾನರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆ ಬದುವಿನುದ್ದಕ್ಕೂ ಹೊಂಗೆಮರಗಳಿವೆ ಎಂಬುದು ಗುಣಿಸುವಾಗಲೇ ನನ್ನ ತಲೆಗೆ ಬಂದಿತ್ತು. ಹೇಳಲಿಲ್ಲ. ಉತ್ತರದ ಕೆಳಗೆ ಎರಡು ಗೆರೆ ಎಳೆದು ಕೊಟ್ಟೆ.

ಮಾರನೇ ವಾರ ಯಜಮಾನರು ಟಿಲ್ಲರ್ ತರಿಸಿ ಹೊಂಗೆಮರಗಳ ನಡುವೆ ಬದು ಕೆಡವಿ ಬಾವನ ಕಡೆಗೆ ನಾಲ್ಕು ಮಾರು ಉತ್ತುಬಿಟ್ಟರು. ಅಲ್ಲಿ ಅಕ್ಕ ಹಾಕಿದ್ದ ಅವರೆ ಸಾಲು ಕಾಯಿ ಕಟ್ಟಿ ನಿಂತಿತ್ತು, ಅದೂ ಮಣ್ಣುಪಾಲಾಯಿತು. ಬಾವ ಓಡಿ ಬಂದರು, ಹತ್ತು ಜನ ಸೇರಿದರು. ಯಜಮಾನರು ಯಂತ್ರವನ್ನು ಎತ್ತಿ ಎಲ್ಲರಿಗೂ ತೋರಿಸಿದರು.

"ಅಣ್ಣ, ಇದು ಆಕಾಸದಿಂದ ನೋಡಿ ಯೋಳ್ತದೆ. ಇಷ್ಟ್ ವರ್ಸ ನಮ್ ಮೂರ್ ಗುಂಟೆ ಒಡ್ಕೊಂಡ್ ತಿಂದಿದ್ದೀಯ."

ಅಪ್ಪ ಸತ್ತಾಗ ತಮ್ಮನನ್ನು ಹೈಸ್ಕೂಲು ಮುಗಿಸಲು ಕಳಿಸಿ ತಾವು ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಹಾಕಿದವರು ಬಾವ. ಅವರ ಹಿಂದೆ ಅಕ್ಕ ನಿಂತಿದ್ದಳು. ಕಿತ್ತುಬಂದ ಅವರೆ ಬಳ್ಳಿಯ ಕಡೆಗೂ ನೋಡಲಿಲ್ಲ, ಯಜಮಾನರ ಕಡೆಗೂ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ನನ್ನ ಚಪ್ಪಲಿಯನ್ನು ನೋಡಿಕೊಂಡೆ. ಮಕ್ಕಳಿಗೆ ಭೂಪಟದ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವ ನಾನು.

ಬಾವ ಸರ್ವೆಗೆ ಅರ್ಜಿ ಕೊಟ್ಟರು. ಶಿವರಾತ್ರಿಯ ಹೊತ್ತಿಗೆ ಸರ್ವೆಯವರು ನಕ್ಷೆ, ಸರಪಳಿ ತಂದು ಎರಡೂ ಕಡೆಯವರನ್ನು ನಿಲ್ಲಿಸಿಕೊಂಡು ಅಳೆದರು. ಯಜಮಾನರು ಯಂತ್ರ ತೋರಿಸಲು ಹೋದರೆ ಅವರು ಒಮ್ಮೆ ಹೊಂಗೆಮರಗಳನ್ನು, ಒಮ್ಮೆ ಇವರನ್ನು ನೋಡಿ, ಸರಪಳಿ ಹಿಡ್ಕೊಳ್ರೀ ಎಂದರು. ಮಣ್ಣಿನಲ್ಲಿ ಹೂತಿದ್ದ ಹಳೆಯ ಬಾಂದುಕಲ್ಲುಗಳು ಸಿಕ್ಕಿದವು. ಹಳೆಯ ಬದು ಇರಬೇಕಾದ ಜಾಗದಲ್ಲೇ ಇತ್ತು. ಮೂರು ಗುಂಟೆ ಎಲ್ಲೂ ಇರಲಿಲ್ಲ.

ಗಂಡಸರು ಬೇಗ ರಾಜಿಯಾದರು. ಒಂದು ಕುರಿ ಬಿತ್ತು, ಎರಡು ಮನೆಯವರೂ ಒಂದೇ ಪಂಕ್ತಿಯಲ್ಲಿ ಕೂತು ಬಾಡೂಟ ಉಂಡರು. ಮೊಬೈಲ್ ಅಂಗಡಿಯವನೂ ಬಂದು ನಲ್ಲಿಮೂಳೆ ಕೇಳಿ ಹಾಕಿಸಿಕೊಂಡ. ತಪ್ಪೆಲ್ಲ ಯಂತ್ರದ್ದು, ಆ ಕಂಪನಿಯ ಮಾಲೇ ಅಷ್ಟು ಎಂದು ಅವನೂ ಯಜಮಾನರೂ ಒಪ್ಪಿಕೊಂಡರು. ಅಂಥ ಮಾಲನ್ನು ಎಂಟು ತಿಂಗಳು ಜರಡಿ ಹಿಡಿದು ಆರಿಸಿದವರು ಯಾರು ಎಂಬ ಮಾತು ಬರಲೇ ಇಲ್ಲ. ಅಕ್ಕ ಎಲ್ಲರಿಗೂ ಬಡಿಸಿದಳು, ನನಗೂ ಬಡಿಸಿದಳು. ಇನ್ನೊಂದು ಮುದ್ದೆ ಬೇಕಾ ಎಂದು ಮಾತ್ರ ಕೇಳಲಿಲ್ಲ.

ಯಂತ್ರ ಮತ್ತೆ ನನ್ನ ಕೈಗೆ ಬಂತು, ಈಗ ಯಾರಿಗೂ ಅದು ಬೇಕಿರಲಿಲ್ಲ. ಮುಂದಿನ ಭಾನುವಾರ ಬುತ್ತಿ ಕಟ್ಟಿಕೊಂಡು ಹೊಲಕ್ಕೇ ಹೋದೆ. ಅಕ್ಕ ಗುದ್ದಲಿ ಹಿಡಿದು ಕೆಟ್ಟುಹೋದ ಬದುವಿಗೆ ಮಣ್ಣು ಏರಿಸುತ್ತಿದ್ದಳು. ಕೆ.ಆರ್. ನಗರದ ಕಡೆ ಹೊಸದೊಂದು ಡಬ್ಬಿ ಬಂದಿದೆ, ಹೋಗೋಣ ಬಾ ಅಕ್ಕ ಎಂದೆ. ಅವಳು ಗುದ್ದಲಿ ನಿಲ್ಲಿಸಲಿಲ್ಲ.

"ಮರದ್ ಕೆಳ್ಗೆ ಅದು ತಪ್ ತೋರ್ಸ್ತದೆ ಅಂತ ನಿಂಗ್ ಗೊತ್ತಿತ್ತಲ್ವಾ?"

ಗೊತ್ತಿತ್ತು ಎಂದೆ.

"ನಂಗೂ ಗೊತ್ತಿತ್ತು ಕಣವ್ವ. ಓದ್ದೆ ಇರೋಳ್ ಮಾತ ಯಾರ್ ಕೇಳಾರು? ನೀನ್ ಯೋಳ್ತೀಯ ಅಂತ ಅವತ್ತು ನಿನ್ ಮಕಾನೇ ನೋಡ್ತಾ ನಿಂತಿದ್ದೆ."

ಯಜಮಾನರಿಗೆ ಹೆದರಿ ಸುಮ್ಮನಿದ್ದೆ ಎಂದು ಹೇಳಬಹುದಿತ್ತು. ಅದು ನಿಜವಲ್ಲ. ಅವರಿಗೆ ನಾನು ಎಂದೂ ಹೆದರಿದವಳಲ್ಲ. ಆ ಸಂಜೆ ಗುಣಾಕಾರ ಮಾಡುವಾಗ, ಮೂರು ಗುಂಟೆ ನಮ್ಮ ಕಡೆಗೆ ಬರುವುದಾದರೆ ಬರಲಿ ಎಂದು ನನಗೆ ಅನ್ನಿಸಿತ್ತು. ಅದನ್ನೇ ಅಕ್ಕನಿಗೆ ಹೇಳಿದೆ. ಅವಳು ಗುದ್ದಲಿಯನ್ನು ಮಣ್ಣಿಗೆ ಊರಿ ನನ್ನನ್ನು ಒಂದು ಗಳಿಗೆ ನೋಡಿದಳು. ಕೋಪ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಓಗ್ಬಾ. ಬಸ್ಸಿಗೊತ್ತಾಯ್ತದೆ," ಎಂದು ಮತ್ತೆ ಬಗ್ಗಿದಳು.

ಒಬ್ಬಳೇ ಹೋದೆ. ಯಂತ್ರ ಸರಿಯಾಗಿಯೇ ಕರೆದುಕೊಂಡು ಹೋಯಿತು, ವಿವರ ಓದಿದೆ, ಸುಳಿವು ಓದಿದೆ, ಸಂಜೆಯ ಬಸ್ಸಿನವರೆಗೂ ಕಲ್ಲು ಎತ್ತಿ ಎತ್ತಿ ನೋಡಿದೆ. ಯಾವ ಕಲ್ಲು ಅಲ್ಲಿಯದಲ್ಲ ಎಂದು ನನಗೆ ಗೊತ್ತಾಗಲಿಲ್ಲ.